'ಮರ' ಹುಡುಕಿದರೆ ಮರಣ ಬರುತ್ತದೆ
ಸಮಾನಾಂತರ ಪಠ್ಯಕೋಶದಲ್ಲಿ, ಅಂದರೆ ಮೂಲ ಮತ್ತು ಅನುವಾದದ ಸಾಲುಗಳನ್ನು ಜೋಡಿಸಿಟ್ಟ ಸಂಗ್ರಹದಲ್ಲಿ, ಪದವೊಂದನ್ನು ಟೈಪಿಸಿದರೆ ಅದರ ಎಲ್ಲ ಬಳಕೆಗಳೂ ಸಿಗುತ್ತವೆ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಇಂಗ್ಲಿಷ್ ಕಡೆಯಿಂದ ಹುಡುಕುವಾಗ ಬಹುಮಟ್ಟಿಗೆ ಸರಿ. ಬೆಂಗಳೂರಿನಲ್ಲಿ ಕರಾರುಪತ್ರಗಳನ್ನು ಅನುವಾದಿಸುವ ನನಗೆ, 'ಕನ್ಸಿಡರೇಷನ್' ಅಲ್ಲಿ 'ಪರಿಗಣನೆ' ಅಲ್ಲ, 'ಪ್ರತಿಫಲ' ಎಂದು ಕಲಿಸಿದ್ದು ಅಂಥ ಜೋಡಿ ಸಾಲುಗಳೇ. ಕನ್ನಡದ ಕಡೆಯಿಂದ ಒಮ್ಮೆ ಹುಡುಕಿ ನೋಡಿ. ಪಠ್ಯಗಳಲ್ಲಿ ಪದ ಹುಡುಕುವ ತಂತ್ರಾಂಶವಾದ ಆಂಟ್‌ಕಾಂಕ್‌ನಲ್ಲಿ 'ಮರ' ಎಂದು ಇಡೀ ಪದ ಕೊಟ್ಟರೆ 'ಮರದ', 'ಮರವನ್ನು' ತಪ್ಪಿಹೋಗುತ್ತವೆ. ಪದದ ಕೊನೆಗೆ, ಮುಂದೆ ಏನಿದ್ದರೂ ಸರಿ ಎನ್ನುವ ನಕ್ಷತ್ರಚಿಹ್ನೆ (*) ಹಾಕಿದರೆ ಮರಣ, ಮರಳು, ಮರೆವು ಎಲ್ಲವೂ ದಂಡೆತ್ತಿ ಬರುತ್ತವೆ. (ಕಂಪ್ಯೂಟರಿಗೆ 'ರೆ' ಎಂದರೆ 'ರ' ಮತ್ತು ಅದಕ್ಕಂಟಿದ ಎತ್ವ, ಬೇರೆ ಬೇರೆ!) 'ಹೋಗು' ಎಂದು ಹುಡುಕಿದವರಿಗೆ 'ಹೋದ', 'ಕೊಡು' ಎಂದವರಿಗೆ 'ಕೊಟ್ಟ' ನಕ್ಷತ್ರ ಹಾಕಿದರೂ ದಕ್ಕುವುದಿಲ್ಲ. ಪ್ರತಿ ಪದಕ್ಕೂ ಮೂಲರೂಪ ಗುರುತಿಸಿಟ್ಟ ಪಠ್ಯಕೋಶ ಬೇಕೆಂಬುದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.