ವಿಶ್ರಾಂತಿಯ ಪ್ರಸಂಗ, ಆಮೇಲೆ ಪ್ರಕಟಣೆಗಳು

"ಕಷ್ಟಪಡುವವರೇ, ಹೊರೆಹೊತ್ತವರೇ, ನನ್ನ ಬಳಿಗೆ ಬನ್ನಿರಿ, ನಾನು ನಿಮಗೆ ವಿಶ್ರಾಂತಿ ಕೊಡುವೆನು" ಅನ್ನುವ ಯೇಸುವಿನ ಮಾತಿನ ಮೇಲೆ ಇವತ್ತು ಬೆಳಗ್ಗೆ ಚರ್ಚಿನಲ್ಲಿ ಪ್ರಸಂಗ ಆಯಿತು. ಚೆನ್ನಾಗಿಯೇ ಇತ್ತು. ಆಶೀರ್ವಾದಕ್ಕೆ ಮೊದಲು ಪ್ರಕಟಣೆಗಳು. ಆರಾಧನೆ ಮುಗಿದ ಕೂಡಲೇ ಕಮಿಟಿ ಮೀಟಿಂಗ್. ಹನ್ನೆರಡೂವರೆಗೆ ಸಂಡೇ ಸ್ಕೂಲ್ ಟೀಚರ್‌ಗಳ ಸಭೆ, ಎರಡಕ್ಕೆ ಹಾಡುವ ತಂಡದ (ಕಾಯರ್) ಪ್ರಾಕ್ಟೀಸ್, ಮೂರೂವರೆಗೆ ಸ್ತ್ರೀಯರ ಕೂಟ, ಐದಕ್ಕೆ ಯೌವನಸ್ಥರ ಕೂಟ, ಆರೂವರೆಗೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ. ಮುಂದಿನ ಭಾನುವಾರ ಸುಗ್ಗಿ ಹಬ್ಬದ ಊಟಕ್ಕೆ ಈರುಳ್ಳಿ ಹೆಚ್ಚಲು ಅಕ್ಕಂದಿರು ಬೆಳಗ್ಗೆ ಐದಕ್ಕೇ ಬರಬೇಕಂತೆ. ಹೊರೆಹೊತ್ತವರು ಯಾರು ಅಂತ ಆಗ ಸ್ಪಷ್ಟವಾಯಿತು.

ಆಫೀಸಿನವರು ಭಾನುವಾರ ಫೋನ್ ಮಾಡಿದರೆ ನಾವು "ಇದು ಕರ್ತನ ದಿನ" ಅಂತ ಗುಡುಗುತ್ತೇವೆ. ಆ ದಿನವನ್ನು ಸಭೆಯೇ, ಅಂದರೆ ಚರ್ಚೇ, ನುಂಗಿದರೆ ಅದಕ್ಕೆ ಸೇವೆ ಅಂತ ಹೆಸರು. ಅಂದಹಾಗೆ, ಈ ದೇಶದಲ್ಲಿ ವಾರದ ರಜೆಗಾಗಿ ಬಡಿದಾಡಿದ್ದು ಯಾವ ಸಭೆಯ ಕಮಿಟಿಯೂ ಅಲ್ಲ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಜೊತೆ ನಿಂತ ಮುಂಬೈಯ ಮಿಲ್ ಕಾರ್ಮಿಕರು ಅದನ್ನು 1890ರಲ್ಲಿ ಪಡೆದುಕೊಂಡರು. ಅವರು ಗಳಿಸಿಕೊಟ್ಟಿದ್ದನ್ನು ನಾವು ಮೈಕ್ ಹಿಡಿದು ವಾಪಸ್ ಕಿತ್ತುಕೊಳ್ಳುತ್ತಿದ್ದೇವೆ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಇದೆ, ಎರಡು ಕಡೆ ಕೊಟ್ಟ ಕಾರಣ ಬೇರೆ ಬೇರೆ. ವಿಮೋಚನಕಾಂಡ 20ರಲ್ಲಿ ದೇವರು ಆರು ದಿನದಲ್ಲಿ ಸೃಷ್ಟಿ ಮುಗಿಸಿ ಏಳನೆಯ ದಿನ ವಿಶ್ರಮಿಸಿದ್ದು ಕಾರಣ. ಧರ್ಮೋಪದೇಶಕಾಂಡ 5ರಲ್ಲಿ, ನೀವು ಐಗುಪ್ತದಲ್ಲಿ (ಈಜಿಪ್ಟ್) ದಾಸರಾಗಿದ್ದಿರಿ, ನಿಮ್ಮ ದಾಸದಾಸಿಯರೂ ನಿಮ್ಮ ಹಾಗೆ ವಿಶ್ರಮಿಸಿಕೊಳ್ಳಲಿ ಎಂಬುದು ಕಾರಣ. ನಮ್ಮ ಪ್ರಸಂಗಗಳಿಗೆ ಮೊದಲನೆಯದೇ ಇಷ್ಟ. ಎರಡನೆಯದನ್ನು ಓದಿದರೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿರುವವರು ಯಾರು ಅಂತ ಕೇಳಬೇಕಾಗುತ್ತದಲ್ಲ! ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಹೆಂಡತಿಯ ಹೆಸರಿಲ್ಲ. "ನೀನು" ಅಂದಾಗಲೇ ಅವಳೂ ಸೇರಿದಳು ಅನ್ನುತ್ತಾರೆ ಬಲ್ಲವರು. ನಮ್ಮ ಗಂಡಸರು ಮಾತ್ರ ಅವಳಿಗೆ ರಜೆ ಇಲ್ಲ ಅಂತಲೇ ಓದಿಕೊಂಡ ಹಾಗಿದೆ.

ಈಗ ಕಮೆಂಟಿನಲ್ಲಿ ಮತ್ತಾಯ 12:5 ಬರುತ್ತದೆ, ಗೊತ್ತು. ದೇವಾಲಯದ ಯಾಜಕರು ಸಬ್ಬತ್ ದಿನವೂ ಕೆಲಸ ಮಾಡುತ್ತಿದ್ದರು, ಆದರೂ ಅವರ ಮೇಲೆ ದೋಷವಿಲ್ಲ ಅಂತ ಯೇಸುವೇ ಹೇಳಿದ್ದಾನೆ. ಸರಿ ಸ್ವಾಮಿ, ಆ ಯಾಜಕರು ಹೇಗೆ ಕೆಲಸ ಮಾಡುತ್ತಿದ್ದರು ಅನ್ನುವುದನ್ನೂ ಓದಿ. 1 ಪೂರ್ವಕಾಲವೃತ್ತಾಂತ 24ನೇ ಅಧ್ಯಾಯದ ಪ್ರಕಾರ ಯಾಜಕರಲ್ಲಿ 24 ವರ್ಗ. ಒಂದೊಂದು ವರ್ಗಕ್ಕೆ ಒಂದು ವಾರದ ಸರದಿ, ಸಬ್ಬತ್ ದಿನ ಒಂದು ತಂಡ ಒಳಗೆ, ಇನ್ನೊಂದು ಹೊರಗೆ. ದೊಡ್ಡ ಹಬ್ಬಗಳನ್ನು ಬಿಟ್ಟರೆ ಒಬ್ಬೊಬ್ಬರಿಗೆ ವರ್ಷದಲ್ಲಿ ಸುಮಾರು ಎರಡು ವಾರ. ಸ್ನಾನಿಕನಾದ ಯೋಹಾನನ ತಂದೆ ಜಕರೀಯ ಅಬೀಯನ ವರ್ಗದವನು. ಅವನ ಸರದಿ ಮುಗಿದ ಮೇಲೆ ಮನೆಗೆ ಹೋದ ಅಂತ ಲೂಕ ಬರೆದಿಟ್ಟಿದ್ದಾನೆ. ಮನೆಗೆ ಹೋದ! ಲೆಕ್ಕಪತ್ರದ ಮೀಟಿಂಗ್‌ಗೆ ಕೂತುಕೊಳ್ಳಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಕಾಯರ್. 24 ತಂಡ, ತಂಡಕ್ಕೆ 12 ಜನ, ಒಟ್ಟು 288 ಹಾಡುಗಾರರು. ನಮ್ಮಲ್ಲಿ ಎಂಟು ಜನ, 52 ಭಾನುವಾರ, ಮೇಲೆ ಕ್ರಿಸ್ಮಸ್ ಕ್ಯಾರೋಲ್ಸ್, ಶುಭ ಶುಕ್ರವಾರ, ಮದುವೆ, ಮಣ್ಣು. ಗಂಟಲು ಕಟ್ಟಿದರೆ "ಪ್ರಾರ್ಥನೆ ಮಾಡ್ತೀವಿ" ಅನ್ನುತ್ತಾರೆ. ಅರಣ್ಯಕಾಂಡ 8ರಲ್ಲಿ ದೇವರ ಸೇವೆಗೆ ಮೀಸಲಾದ ಲೇವಿಯರ ದುಡಿಮೆಗೆ 50 ವರ್ಷಕ್ಕೆ ನಿವೃತ್ತಿ, ಆಮೇಲೆ ಸಹಾಯ ಮಾತ್ರ. ಎಪ್ಪತ್ತು ದಾಟಿದ ಖಜಾಂಚಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಲೈಕ್ ಒತ್ತಿ.

ಪಾಳಿ ಮಾಡುವುದು ಬ್ರಹ್ಮವಿದ್ಯೆಯಲ್ಲ. ಸಂಡೇ ಸ್ಕೂಲಿನಲ್ಲಿ ನಾಲ್ಕು ತರಗತಿ ಇದ್ದರೆ ಎಂಟು ಟೀಚರ್ ಬೇಕು, ಒಬ್ಬೊಬ್ಬರಿಗೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ. ಪಟ್ಟಿ ಮೂರು ತಿಂಗಳಿಗೆ ಒಟ್ಟಿಗೆ ಬರೆದು ನೋಟಿಸ್ ಬೋರ್ಡಿಗೆ ಹಚ್ಚಬೇಕು. ಪಾಳಿ ಕೆಡುವುದು ಬದಲಿ ಹೆಸರು ಬರೆಯದೇ ಇದ್ದಾಗ. ಶನಿವಾರ ರಾತ್ರಿ ಒಂಬತ್ತೂವರೆಗೆ ಒಬ್ಬರಿಗೆ ಜ್ವರ ಬರುತ್ತದೆ, ಕಾರ್ಯದರ್ಶಿಯ ಫೋನ್ ಯಾವತ್ತೂ ಇಲ್ಲ ಅನ್ನದ ಅದೇ ಅಕ್ಕನಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಭಾನುವಾರಕ್ಕೂ ಒಂದು ಬದಲಿ ಹೆಸರು ಮೊದಲೇ ಇರಲಿ. ದಿನ ಅದಲುಬದಲು ಮಾಡಿಕೊಳ್ಳುವುದು ಟೀಚರ್‌ಗಳ ನಡುವೆಯೇ ಮುಗಿಯಲಿ. ಕಾಯರ್ ಪ್ರಾಕ್ಟೀಸ್ ಆರಾಧನೆಗೆ ಮೊದಲು ಮುಕ್ಕಾಲು ಗಂಟೆ ಸಾಕು, ಹೊಸ ಹಾಡು ತಿಂಗಳಿಗೆ ಒಂದೇ ಆದರೆ. ತಿಂಗಳಲ್ಲಿ ಒಂದು ಭಾನುವಾರ ಬರೀ ಹಾರ್ಮೋನಿಯಂ ಇಟ್ಟುಕೊಂಡು ಸಭೆಯೇ ಹಾಡಲಿ, ಏನೂ ಬಿದ್ದುಹೋಗುವುದಿಲ್ಲ. ಕಮಿಟಿಯನ್ನು ಬುಧವಾರ ಸಂಜೆ ಏಳಕ್ಕೆ ಕರೆಯಿರಿ, ಎಂಟೂವರೆಗೆ ಎದ್ದುಬಿಡಿ. ಭಾನುವಾರ ಮಧ್ಯಾಹ್ನ ಒಂದರವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಿಸಿದರೆ ಸಕ್ಕರೆ ಕಾಯಿಲೆಯವರಿಗೆ ತಲೆ ಸುತ್ತುತ್ತದೆ, ಮಿಕ್ಕವರಿಗೆ ಕೋಪ ಬರುತ್ತದೆ. ಅರ್ಧ ಜಗಳಗಳ ಮೂಲ ಅದೇ.

ಅಯ್ಯನವರ, ಅಂದರೆ ಪಾಸ್ಟರ್ ಅವರ, ವಿಷಯಕ್ಕೆ ಬಂದರೆ, ಭಾನುವಾರ ಅವರಿಗೆ ಕೆಲಸದ ದಿನ, ಒಪ್ಪೋಣ. ಹಾಗಾದರೆ ಸೋಮವಾರ ರಜೆ ಕೊಡಿ. ಸಾವು ಸೋಮವಾರ ನೋಡಿ ಬರುವುದಿಲ್ಲ ಅನ್ನುತ್ತೀರಿ. 1948ರ ಫ್ಯಾಕ್ಟರಿ ಕಾಯ್ದೆಯ 52ನೇ ಕಲಂ ಇದಕ್ಕೂ ದಾರಿ ಬರೆದಿಟ್ಟಿತ್ತು: ರಜೆಯ ದಿನ ದುಡಿಸಿದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಒಂದು ಪೂರ್ತಿ ದಿನ ಬಿಡುವು, ಏನೇ ಆದರೂ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಬಾಯ್ಲರ್ ಮುಂದೆ ನಿಂತವನಿಗೆ ಕೊಟ್ಟಷ್ಟನ್ನಾದರೂ ಪ್ರಸಂಗ ಮಾಡುವವರಿಗೆ ಕೊಡಬಾರದೇ? ಪ್ರವಾದಿ ಎಲೀಯ ಸಾಕಪ್ಪಾ ಸಾಕು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಬಂದು ಉಪವಾಸ ಕೂಟ ನಡೆಸಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಆಮೇಲೆ ಇನ್ನೊಂದು ಸಲ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದ ನಲವತ್ತು ದಿನದ ದಾರಿ ಶುರುವಾಗಿದ್ದು ಅದರ ನಂತರ.

ಮನೆಯಲ್ಲಿಯೂ ವಿಶ್ರಾಂತಿ ತಾನಾಗಿ ಬರುವುದಿಲ್ಲ, ಹಿಂದಿನ ದಿನವೇ ಮಾಡಿಡಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ದಿನಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ಆರನೆಯ ದಿನ ಎರಡು ಓಮೆರ್. ಏಳನೆಯ ದಿನವೂ ಬುಟ್ಟಿ ಹಿಡಿದು ಹೊರಟವರಿಗೆ ಏನೂ ಸಿಗಲಿಲ್ಲ. ನಮ್ಮ ಆರನೆಯ ದಿನ ಶನಿವಾರ. ಅಕ್ಕಿ ಉದ್ದು ಮಧ್ಯಾಹ್ನ ನೆನೆಸಿ ಸಂಜೆ ಆರರೊಳಗೆ ರುಬ್ಬಿದರೆ ಬೆಳಗ್ಗೆಗೆ ಹುದುಗಿರುತ್ತದೆ. ರಾತ್ರಿ ಹತ್ತಕ್ಕೆ ರುಬ್ಬಿದರೆ ಬೆಂಗಳೂರಿನ ಚಳಿಗೆ ಆರಕ್ಕೆ ಉಬ್ಬಿರುವುದಿಲ್ಲ, ಆಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಾ ಆರಾಧನೆಗೆ ತಡ. ಮೀನು ಸಾರು ಮಾರನೇ ದಿನವೇ ರುಚಿ, ಶನಿವಾರವೇ ಇಳಿಸಿಡಿ. ಇಸ್ತ್ರಿ, ಮಕ್ಕಳ ಹೋಂವರ್ಕ್, ಗಾಡಿಗೆ ಪೆಟ್ರೋಲ್ ಕೂಡ ಅವತ್ತೇ. ಇಷ್ಟನ್ನೂ ಒಬ್ಬಳೇ ಮಾಡಿದರೆ ಭಾನುವಾರದ ಸುಸ್ತು ಶನಿವಾರಕ್ಕೆ ಜರುಗಿತು, ಅಷ್ಟೇ. ಇಸ್ತ್ರಿ ಪೆಟ್ಟಿಗೆ ಗಂಡಸರ ಕೈಯಲ್ಲೂ ಬಿಸಿಯಾಗುತ್ತದೆ.

ಸುಗ್ಗಿ ಹಬ್ಬದ ಊಟ ಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೂರು ಜನಕ್ಕೆ ಬಿರಿಯಾನಿ ಅಂದರೆ 20 ಕಿಲೋ ಅಕ್ಕಿ, ಹತ್ತಿರ ಹತ್ತಿರ 25 ಕಿಲೋ ಕೋಳಿ, ಎಂಟು-ಹತ್ತು ಕಿಲೋ ಈರುಳ್ಳಿ. ಹಬ್ಬಕ್ಕೆ ಬಂದ ಕಾಣಿಕೆಗಳ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವವರು ಇದ್ದಾರಲ್ಲ, ಆ ದುಡ್ಡಿನಲ್ಲಿ ಅಡುಗೆಯವರನ್ನು ಕರೆಸಿ. ಅವರಿಗೂ ಒಂದು ವಾರದ ರಜೆ ಸಿಗುತ್ತದೋ ಇಲ್ಲವೋ ಅಂತ ಮೊದಲೇ ಕೇಳಿ, ಬೇರೆ ದಿನ ಬಿಡುವು ಸಿಗುವ ಹಾಗೆ ಮಾತಾಡಿ. ಅದೂ ಆಗದಿದ್ದರೆ ಬನ್ನು, ಟೀ, ಬಾಳೆಹಣ್ಣು. ಹತ್ತು-ಹನ್ನೆರಡು ಲೀಟರ್ ಹಾಲಿನಲ್ಲಿ ಇನ್ನೂರು ಜನಕ್ಕೆ ಟೀ ಆಗುತ್ತದೆ. ತೊಳೆಯಲು ಎರಡು ಪಾತ್ರೆ. ಅದಕ್ಕೆ ಕಮಿಟಿಯವರ ಹೆಸರನ್ನೇ ಬರೆದುಕೊಳ್ಳಿ, ಬುಧವಾರದ ಮೀಟಿಂಗಿನಲ್ಲಿ.