ನಕ್ಷೆಯಲ್ಲಿ ಹಸಿರು, ಬೆಟ್ಟದಲ್ಲಿ ಕಿವುಡು

ನಮ್ಮ ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ಬಳಗಕ್ಕೆ ಆರನೇ ಡಿಜಿಟಲ್ ರಿಪೀಟರ್ ಬರುತ್ತಿದೆಯಂತೆ. ರಿಪೀಟರ್ ಅಂದರೆ ಬೆಟ್ಟದ ಮೇಲೆ ಕೂತು, ಸಣ್ಣ ಸೆಟ್ಟಿನ ದನಿ ಕೇಳಿಸಿಕೊಂಡು ಅದನ್ನೇ ಜೋರಾಗಿ ಮತ್ತೆ ಕೂಗೋ ಪೆಟ್ಟಿಗೆ. ಸಮಿತಿಯವರ ಪ್ರಕಟಣೆ ನೀವೂ ನೋಡಿರುತ್ತೀರಿ, ಅದೇ, ಮೂರು ಫೋಟೊ, ಎಂಟು ಆಶ್ಚರ್ಯಸೂಚಕ ಚಿಹ್ನೆ ಇದ್ದದ್ದು. ಇನ್ನು ಮೇಲೆ ಕೈಯಲ್ಲಿ ಹಿಡಿಯೋ ಪುಟ್ಟ ಸೆಟ್ ಇದ್ದರೆ ಸಾಕು, ಮೂಲೆ ಮೂಲೆಗೂ ಮಾತಾಡಬಹುದಂತೆ. ಓದಿ ಖುಷಿಯಾಯಿತು. ಆ ಖುಷಿಯಲ್ಲೇ ಎರಡನೇ ರಿಪೀಟರ್‌ನಲ್ಲಿ ಒಂದು ಕರೆ ಕೊಟ್ಟೆ. ಉತ್ತರ ಇಲ್ಲ. ಉತ್ತರ ಬರಬೇಕಾದರೆ ಮೊದಲು ಅದಕ್ಕೆ ನನ್ನ ದನಿ ಕೇಳಬೇಕಲ್ವಾ? ಅದು ಕಿವುಡಾಗಿ ಐದು ತಿಂಗಳಾಯಿತು.

ಆದರೆ ಯಾವ ರಿಪೀಟರ್ ಜೀವಂತ ಅಂತ ನಕ್ಷೆಯಲ್ಲಿ ತೋರಿಸೋ ಡ್ಯಾಶ್‌ಬೋರ್ಡ್‌ನಲ್ಲಿ ನೋಡಿ, ಹಸಿರು ಚುಕ್ಕೆ ಮಿನುಗುತ್ತಿದೆ. ಪಾಪ, ಆ ಚುಕ್ಕೆಗೆ ಆಂಟೆನಾದ ವಿಷಯವೇ ಗೊತ್ತಿಲ್ಲ. ಬೆಟ್ಟದ ಮೇಲೆ ರಿಪೀಟರ್ ನಡೆಸೋ ಪುಟ್ಟ ಕಂಪ್ಯೂಟರ್, ಅಂದರೆ ಕಂಟ್ರೋಲರ್, ಇಂಟರ್ನೆಟ್ ಮೂಲಕ ಸರ್ವರ್‌ಗೆ ‘ಇದ್ದೇನೆ ಸ್ವಾಮಿ’ ಅಂದರೆ ಸಾಕು, ಹಸಿರು. ಆಂಟೆನಾ ಮುರಿದು ನೇತಾಡುತ್ತಿದ್ದರೂ ಹಸಿರು, ಕೇಬಲ್ ಒಳಗೆ ನೀರು ತುಂಬಿದ್ದರೂ ಹಸಿರು. ಬೆಳಿಗ್ಗೆ ಹಾಜರಿ ಹಾಕಿ, ಕುರ್ಚಿಗೆ ಕೋಟು ನೇತುಹಾಕಿ, ಸಂಜೆವರೆಗೆ ಪತ್ತೆಯೇ ಇಲ್ಲದ ಗುಮಾಸ್ತ ನೆನಪಾದರೆ ನಿಮ್ಮ ತಪ್ಪಲ್ಲ. ಸಮಿತಿಯವರು ಎಣಿಸೋದು ಆ ಕೋಟುಗಳನ್ನೇ.

ಕಿವುಡು ಯಾಕೆ ಅಂತ ಕೇಳಿದರೆ ಅದೇನು ದೊಡ್ಡ ರಹಸ್ಯ ಅಲ್ಲ. ರಿಪೀಟರ್ ಒಂದೇ ಆಂಟೆನಾದಲ್ಲಿ ಕೇಳಲೂ ಬೇಕು, ಅದೇ ಹೊತ್ತಿಗೆ ಕೂಗಲೂ ಬೇಕು. ಎರಡು ಮೀಟರ್ ಬ್ಯಾಂಡ್ ಅನ್ನೋ ರೇಡಿಯೊ ತರಂಗಪಟ್ಟಿಯಲ್ಲಿ ಕೇಳೋ ಮತ್ತು ಕೂಗೋ ಫ್ರೀಕ್ವೆನ್ಸಿಗಳ ನಡುವೆ ಸಾಮಾನ್ಯವಾಗಿ ಇರೋದು ಬರೀ 600 ಕಿಲೋಹರ್ಟ್ಸ್. ಅದರ ಕೂಗು ಅದರ ಕಿವಿಗೇ ಬಡಿಯದ ಹಾಗೆ ನೋಡಿಕೊಳ್ಳೋದು ಡ್ಯುಪ್ಲೆಕ್ಸರ್ ಅನ್ನೋ ಲೋಹದ ಡಬ್ಬಿಗಳ ಸಾಲು. ಅದರ ಟ್ಯೂನಿಂಗ್ ಸ್ವಲ್ಪ ಜಾರಿದರೂ ಮುಗೀತು, ತನ್ನ ಕೂಗಾಟದಲ್ಲಿ ರಿಪೀಟರ್‌ಗೆ ಬೇರೆ ಯಾರೂ ಕೇಳಿಸೋದಿಲ್ಲ. ಸಮಿತಿಗೆ ಇಷ್ಟು ಚೆನ್ನಾಗಿ ಹೊಂದೋ ಯಂತ್ರ ಇನ್ನೊಂದಿಲ್ಲ.

ಅಂದಹಾಗೆ ಈ ಆರನೆಯದು ಯಾವ ಜಾತಿಯದ್ದು ಅಂತ ಪ್ರಕಟಣೆಯಲ್ಲಿ ಬರೆದಿಲ್ಲ. ಈಗ ಇರೋ ಐದರಲ್ಲೇ ಮೂರು ಭಾಷೆ, ಅಂದರೆ ದನಿಯನ್ನು ಅಂಕಿ ಮಾಡಿ ಕಳಿಸೋ ಮೂರು ಪದ್ಧತಿ. ಜಪಾನಿನ ಹವ್ಯಾಸಿಗಳ ಸಂಘ ಕೊಟ್ಟ ಡಿ-ಸ್ಟಾರ್ ಒಂದು. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ 2005ರಲ್ಲಿ ವ್ಯಾಪಾರಿ ವಾಕಿಟಾಕಿಗಳಿಗೆ ಅಂತ ಮಾಡಿದ, ನಾವು ಹವ್ಯಾಸಿಗಳು ಎತ್ತಿಕೊಂಡು ಬಂದ ಡಿಎಂಆರ್ ಇನ್ನೊಂದು. ಯಾಯೆಸು (Yaesu) ಕಂಪನಿಯ ಸಿಸ್ಟಮ್ ಫ್ಯೂಷನ್ ಮತ್ತೊಂದು. ಮೂರರಲ್ಲೂ ದನಿಯನ್ನು ಹಿಂಡಿ ಕುಗ್ಗಿಸೋದು ಒಂದೇ ಕಂಪನಿಯ ಎಎಂಬಿಇ ಕುಟುಂಬದ ವೋಕೋಡರ್, ಆದರೂ ಒಂದರ ಸೆಟ್ಟಿಗೆ ಇನ್ನೊಂದರ ಮಾತು ಅರ್ಥವಾಗೋದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಇಲ್ಲಿ ಮೂರನೇ ಪ್ರಾಣಿಯೂ ಇದೆ. ಯಾರು ಬೇಕಾದರೂ ಬಳಸಬಹುದಾದ, ಮುಚ್ಚುಮರೆ ಇಲ್ಲದ ವೋಕೋಡರ್ ಕೋಡೆಕ್ 2, ಅದನ್ನು ಬಳಸೋ ಎಂ17 ಅನ್ನೋ ಇನ್ನೊಂದು ಪದ್ಧತಿ ಕೂಡ ಇವೆ. ಜೋರಾಗಿ ಹೇಳಬೇಡಿ, ಅದಕ್ಕೆ ಏಳನೇ ರಿಪೀಟರ್ ಇಡುತ್ತಾರೆ.

ಡಿಎಂಆರ್‌ನಲ್ಲಿ ಕಲರ್ ಕೋಡ್ ಅಂತ ಇದೆ, ಒಂದೇ ಫ್ರೀಕ್ವೆನ್ಸಿಯ ರಿಪೀಟರ್‌ಗಳು ಕಲಸಿಹೋಗದಿರಲಿ ಅಂತ ಇಟ್ಟ ಗುರುತು. ಸೊನ್ನೆಯಿಂದ 15ರವರೆಗೆ ಬರೀ ಅಂಕಿ, ಬಣ್ಣ ಹುಡುಕಬೇಡಿ. ಹೊಸಬರೊಬ್ಬರು ‘ನಮ್ಮ ರಿಪೀಟರ್ ಬಣ್ಣ ಯಾವುದು ಸಾರ್’ ಅಂತ ಕೇಳಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅನಿಸಿತು, ಇಡೀ ವ್ಯವಸ್ಥೆಯಲ್ಲಿ ಬುದ್ಧಿ ಇರೋ ಪ್ರಶ್ನೆ ಅದೊಂದೇ. ಅವರ ಕೈಗೆ ಯಾರೋ ಒಂದು ಕೋಡ್‌ಪ್ಲಗ್, ಅಂದರೆ ಸೆಟ್ಟಿಗೆ ತುಂಬೋ ಸೆಟ್ಟಿಂಗ್‌ಗಳ ಫೈಲು, ಕೊಟ್ಟರು, ಅದರಲ್ಲಿ ನೂರಾರು ಚಾನೆಲ್, ಅರ್ಧ ಸತ್ತವು. ತಿಂಗಳ ಮೇಲೆ ಸಿಕ್ಕಾಗ ಯಾರ ಜೊತೆ ಮಾತಾಡಿದಿರಿ ಅಂತ ವಿಚಾರಿಸಿದೆ. ‘ಗಿಳಿ ಜೊತೆ ಸಾರ್’ ಅಂದರು. ಡಿಎಂಆರ್ ರಿಪೀಟರ್‌ಗಳನ್ನು ಇಂಟರ್ನೆಟ್‌ನಲ್ಲಿ ಜೋಡಿಸೋ ಬ್ರ್ಯಾಂಡ್‌ಮೀಸ್ಟರ್ ಜಾಲದಲ್ಲಿ 9990 ಅನ್ನೋ ನಂಬರಿಗೆ ಮಾತಾಡಿದರೆ ನಮ್ಮ ಮಾತನ್ನೇ ನಮಗೆ ವಾಪಸ್ ಕೇಳಿಸುತ್ತೆ, ಅದರ ಹೆಸರೇ ಪ್ಯಾರಟ್. ಮನುಷ್ಯರ ಜೊತೆ ಮಾತಾಡಲು ಅವರಿಗೆ ಜಾಗ ಸಿಕ್ಕಿರಲಿಲ್ಲ. ಡಿಎಂಆರ್‌ನಲ್ಲಿ 30 ಮಿಲಿಸೆಕೆಂಡಿನ ಎರಡು ಸ್ಲಾಟ್ ಸರದಿಯಲ್ಲಿ ಬರುತ್ತವೆ, ಅಂದರೆ ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ. ಅದರಲ್ಲಿ ಒಂದು ಸ್ಲಾಟಿಗೆ ಪ್ರಪಂಚದವರೆಲ್ಲ ಸೇರಿ ಮಾತಾಡೋ ಗುಂಪು, ವಿಶ್ವವ್ಯಾಪಿ ಟಾಕ್‌ಗ್ರೂಪ್ 91 ಅನ್ನು ಕಾಯಂ ಕಟ್ಟಿಹಾಕಿದ್ದಾರೆ. ಪ್ರಪಂಚದ ಆ ತುದಿಯವರ ಹವಾಮಾನ ವರದಿ ಹಗಲೂ ರಾತ್ರಿ ನಮ್ಮ ಬೆಟ್ಟದಿಂದ ಸುರಿಯುತ್ತೆ. ಪಕ್ಕದ ಬೀದಿಯವರು ಕಾಯಬೇಕು. ಇನ್ನೊಂದು ಸ್ಲಾಟ್‌ನಲ್ಲಿ ಯಾರೋ ಮಾತಾಡೋ ಗುಂಡಿ ಪಿಟಿಟಿ ಒತ್ತಿ, ತಮ್ಮ ಗುರುತಿನ ಕಾಲ್‌ಸೈನ್ ಹೇಳದೆ, ಬಿಟ್ಟು, ಮತ್ತೆ ಒತ್ತಿ, ತಮ್ಮ ಸಂತೋಷ ತಾವು ನೋಡಿಕೊಳ್ಳುತ್ತಿರುತ್ತಾರೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ಆ ಪ್ರಕಟಣೆಯ ಕೊನೆಯ ಸಾಲು ಓದಿದಾಗ ನಗು ಬರಲಿಲ್ಲ. ‘ವಿಪತ್ತಿನಲ್ಲಿ ಎಲ್ಲ ಸಂಪರ್ಕ ಕಡಿದರೂ ನಮ್ಮ ಜಾಲ ಇರುತ್ತದೆ.’ ಯಾವ ಜಾಲ ಸ್ವಾಮಿ? ರಿಪೀಟರ್‌ಗಳನ್ನು ಹೊಲಿದಿರೋದು ಇಂಟರ್ನೆಟ್ ದಾರದಲ್ಲಿ. ಅದು ಹೋದರೆ ಉಳಿಯೋದು ಐದು ಒಂಟಿ ಪೆಟ್ಟಿಗೆ. ಒಂಟಿಯಾಗಿಯಾದರೂ ಕೆಲಸ ಮಾಡಬೇಕಾದರೆ ಬ್ಯಾಟರಿ ಇರಬೇಕು. ಮೂರನೆಯದರ ಬ್ಯಾಟರಿ ಊದಿಕೊಂಡು ಕೂತಿದೆ. ನಾಲ್ಕನೆಯದರಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಟ್ರೋಲರ್‌ನ ಎಸ್‌ಡಿ ಕಾರ್ಡ್ ಕೆಡುತ್ತೆ. ಇದನ್ನೆಲ್ಲ ನೋಡಿಕೊಳ್ಳುತ್ತಿರೋದು ಒಬ್ಬರೇ ಹಿರಿಯರು, ತಮ್ಮ ಪೆಟ್ರೋಲು, ತಮ್ಮ ಮಂಡಿನೋವು. ಹೋದ ತಿಂಗಳು ಅವರು ‘ಕೇಬಲ್ ಬದಲಾಯಿಸಬೇಕು, ಕೆಳಗೆ ಹಗ್ಗ ಹಿಡಿಯಲು ಒಬ್ಬರು ಬನ್ನಿ’ ಅಂತ ಗುಂಪಿನಲ್ಲಿ ಕೇಳಿದರು. ಹದಿನಾಲ್ಕು ಹೆಬ್ಬೆಟ್ಟು ಬಂತು. ಕೈ ಒಂದೂ ಬರಲಿಲ್ಲ. ಸಾಕಾಗಿ ಹೋಗಿದೆ. ಹೊಸ ಪೆಟ್ಟಿಗೆಗೆ ದುಡ್ಡು ಕೊಡೋರು ಸಿಗುತ್ತಾರೆ, ಅದರ ಮೇಲೆ ಹೆಸರು ಬರುತ್ತಲ್ಲ. ಕನೆಕ್ಟರ್ ಮೇಲೆ ಯಾರ ಹೆಸರೂ ಬರೆಯೋಕಾಗಲ್ಲ.

ಉದ್ಘಾಟನೆ ಭಾನುವಾರವಂತೆ. ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಹಿರಿಯರೂ ನಾನೂ ಎರಡನೇ ರಿಪೀಟರ್‌ಗೆ ಹೋಗುತ್ತಿದ್ದೇವೆ. ಸಮಿತಿಯವರಿಗೂ ಸ್ವಾಗತ. ಬರೋವಾಗ ನೀರು ಒಳಗೆ ಹೋಗದ ಹಾಗೆ ಸುತ್ತೋ ರಬ್ಬರ್ ಟೇಪ್ ಎರಡು ಸುರುಳಿ ತನ್ನಿ. ಕತ್ತರಿ ಹೇಗೂ ನಿಮ್ಮ ಹತ್ತಿರ ಇದೆ.