ಪಾಯಿಂಟುಗಳ ಯೋಗನಿದ್ರೆ

ಆಷಾಢದ ಶಯನ ಏಕಾದಶಿಗೆ ಹಾಲ್ಗಡಲಲ್ಲಿ ಮಲಗುವ ಮಹಾವಿಷ್ಣು ಕಾರ್ತಿಕದ ಉತ್ಥಾನ ದ್ವಾದಶಿಗೆ ಎದ್ದೇ ಏಳುತ್ತಾನೆ. ಏಳುವ ತಾರೀಖು ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ವಿಜಯನಗರದ ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಸಾಮಾನಿಗೆ ತಕ್ಕಂತೆ ಗ್ರಾಹಕರ ಖಾತೆಗೆ ಪಾಯಿಂಟು ಜಮಾ ಮಾಡುವ ಪಾಯಿಂಟ್ಸ್ ಸಿಸ್ಟಂ ಯುಗಾದಿಯ ವಾರ ಮಲಗಿತು. ವರಮಹಾಲಕ್ಷ್ಮಿ ಬಂದು ಹೋದಳು, ಗಣೇಶನನ್ನು ನೀರಿಗೆ ಬಿಟ್ಟದ್ದೂ ಆಯಿತು, ಅದು ಇನ್ನೂ ಮಗ್ಗುಲು ಬದಲಿಸಿಲ್ಲ. 'ಸಿಸ್ಟಂ ಅಪ್‌ಗ್ರೇಡ್ ನಡೆಯುತ್ತಿದೆ, ತಾತ್ಕಾಲಿಕ ಅಡಚಣೆಗೆ ಕ್ಷಮಿಸಿ' ಎಂದು ಕೌಂಟರಿನ ಗಾಜಿಗೆ ಅಂಟಿಸಿದ್ದ ಚೀಟಿಯ ಅಂಚು ಮುದುಡಿ, ಸೆಲ್ಲೋಟೇಪು ಹಳದಿಗಟ್ಟಿತ್ತು. ಆಡಳಿತ ವರ್ಗ ಅದನ್ನು ಗಮನಿಸಿ ತಕ್ಷಣ ಕ್ರಮ ಕೈಗೊಂಡಿತು. ಈಗ ಚೀಟಿಗೆ ಲ್ಯಾಮಿನೇಷನ್ ಆಗಿದೆ.

ಮಲಗಿರುವುದು ಅರ್ಧ ಸಿಸ್ಟಂ ಮಾತ್ರ, ಅದನ್ನೂ ಹೇಳಿಬಿಡಬೇಕು. ಉಳಿದರ್ಧ ಚಟಪಟನೆ ಓಡಾಡಿಕೊಂಡಿದೆ. ಬಾರ್‌ಕೋಡ್ ಕುಯ್ ಎನ್ನುತ್ತದೆ, ಜಿಎಸ್‌ಟಿ ಪೈಸೆ ಬಿಡದಂತೆ ಬಿಲ್ಲಿಗೆ ಹತ್ತುತ್ತದೆ, ನೀವು ಕೇಳದ ಕ್ಯಾರಿ ಬ್ಯಾಗಿನ ದುಡ್ಡೂ ತಾನಾಗಿ ಸೇರಿಕೊಳ್ಳುತ್ತದೆ. ಯುಪಿಐ ಡಬ್ಬಿಯಂತೂ ಹಣ ಬಂದ ಸುದ್ದಿಯನ್ನು ಇಡೀ ಅಂಗಡಿಗೆ ಕೇಳುವಂತೆ ಕೂಗುತ್ತದೆ. ಇಸ್ಕೊಳ್ಳುವ ಕೈ ಗಟ್ಟಿಮುಟ್ಟಾಗಿದೆ, ಕೊಡುವ ಕೈಗೆ ಮಾತ್ರ ಲಕ್ವ ಹೊಡೆದಿದೆ.

"ನಂಬರ್ ಹೇಳಿ ಸರ್."

"ಪಾಯಿಂಟೇ ಇಲ್ಲ ಅಂದ್ಮೇಲೆ ನಂಬರ್ ಯಾಕಮ್ಮ?"

"ನಂಬರ್ ಹಾಕ್ದಿದ್ರೆ ಬಿಲ್ ಓಪನ್ ಆಗಲ್ಲ ಸರ್."

ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ವ್ಯಾಪಾರಿಗಳಿಗೆ ಸೂಚಿಸಿತ್ತು. ಹಾಗೆ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದೂ ಹೇಳಿತ್ತು. ಇದನ್ನು ಕೌಂಟರಿನ ಹುಡುಗಿಗೆ ವಿವರಿಸಲು ಹೊರಟರೆ ಹಿಂದೆ ನಿಂತವರು ಟ್ರಾಲಿಯಿಂದ ಹಿಮ್ಮಡಿಗೆ ಕುಟ್ಟುತ್ತಾರೆ. ಪಾಪ, ಆ ಹುಡುಗಿಯದೇನು ತಪ್ಪು? ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಅವಳಿಗೆ ಕೊಟ್ಟಿರುವುದು ಒಂದು ಸ್ಟೂಲು ಮತ್ತು ಒಂದು ಉತ್ತರ. ಸ್ಟೂಲಿನ ಮೇಲೆ ಫಿನಾಯಿಲ್ ಆಫರಿನ ಬೋರ್ಡು ಇಟ್ಟಿರುವುದರಿಂದ ಉತ್ತರವೊಂದೇ ಬಳಕೆಯಲ್ಲಿದೆ.

ಬೇರೆ ಊರಿನಲ್ಲಾಗಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂದರೆ ಜನ ಹಣೆಬರಹ ಎಂದು ಸುಮ್ಮನಾಗುತ್ತಿದ್ದರೇನೋ. ಇದು ಬೆಂಗಳೂರು. ಕ್ಯೂನಲ್ಲಿ ನಿಂತವರಲ್ಲಿ ಮುಕ್ಕಾಲು ಪಾಲು ಜನ ಸಾಗರದಾಚೆಯ ಯಾವುದೋ ಅಂಗಡಿಯ ಸಿಸ್ಟಂ ಬೀಳದಂತೆ ರಾತ್ರಿಯಿಡೀ ಕಾವಲು ಕೂರುವವರು. ಅಲ್ಲೆಲ್ಲೋ ಪಾಯಿಂಟು ಹತ್ತು ನಿಮಿಷ ನಿಂತರೆ ಇಲ್ಲಿ ಇವರ ಫೋನು ನಡುರಾತ್ರಿ ಬಡಿದುಕೊಳ್ಳುತ್ತದೆ, ಮದುವೆ ಊಟದ ಎಲೆ ಬಿಟ್ಟೆದ್ದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಹಾಗಾಗಿ ನಮ್ಮ ಕ್ಯೂನಲ್ಲಿ ಬೈಗುಳ ಕಡಿಮೆ, ವಿಶ್ಲೇಷಣೆ ಜಾಸ್ತಿ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಹೀರೇಕಾಯಿ ಹಿಡಿದ ಒಬ್ಬಾತ "ಡೇಟಾ ಮೈಗ್ರೇಷನ್‌ನಲ್ಲಿ ಎಡವಿದ್ದಾರೆ" ಎಂದ. "ಹಳೇದಕ್ಕೆ ರೋಲ್‌ಬ್ಯಾಕ್ ಮಾಡ್ಬೇಕಿತ್ತು" ಎಂದಳು ಸಬ್ಬಕ್ಕಿಯವಳು. "ಬ್ಯಾಕಪ್ ಇದ್ರೆ ತಾನೇ?" ಎಂದು ಮೂರನೆಯವನು ನಕ್ಕ. ರೋಗ ಗೊತ್ತಾಯಿತು, ಮದ್ದು ಗೊತ್ತಾಯಿತು, ಮೂವರೂ ಪಾಯಿಂಟಿಲ್ಲದ ಬಿಲ್ಲು ಮಡಚಿಕೊಂಡು ಮನೆಗೆ ಹೋದರು.

ಹೋಗದವರು ಒಬ್ಬರೇ, ನಿವೃತ್ತ ಬ್ಯಾಂಕ್ ಅಧಿಕಾರಿ ರಾಯರು. ಸ್ಟೇಟ್‌ಮೆಂಟನ್ನು ನಂಬದ ತಲೆಮಾರು. ತಮ್ಮ ಪಾಯಿಂಟುಗಳನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಬಿಲ್ ನಂಬರ್, ಜಮಾ, ಖರ್ಚು, ಶಿಲ್ಕು ಎಂದು ಕೆಂಪು ಗೆರೆ ಎಳೆದು ಬರೆದಿಟ್ಟಿದ್ದಾರೆ. "ನೋಡಮ್ಮ, ಕಂಪ್ಯೂಟರ್ ಬರೋ ಮುಂಚೆ ನಾವು ಇಡೀ ಬ್ರಾಂಚಿನ ಲೆಡ್ಜರು ಕೈಯಲ್ಲೇ ಬರ್ದು ಸಂಜೆಗೆ ಟ್ಯಾಲಿ ಮಾಡ್ತಿದ್ವಿ. ನೀನೂ ಒಂದು ಪುಸ್ತಕದಲ್ಲಿ ಬರ್ಕೋ, ಸಿಸ್ಟಂ ಬಂದಾಗ ಏರಿಸೋಣ" ಎಂದರು.

"ಪುಸ್ತಕ ಇಲ್ಲ ಅಂಕಲ್."

"ಅಲ್ಲೇ ರ‍್ಯಾಕಲ್ಲಿ ಮಾರ್ತಾ ಇದೀರಲ್ಲಮ್ಮ, ನಲವತ್ತು ರೂಪಾಯಿಗೆ!"

ಈ ಗಲಾಟೆಯ ಬೆಲೆ ಎಷ್ಟೆಂದು ಕೇಳಬೇಡಿ. ನೂರು ರೂಪಾಯಿಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಐವತ್ತು ಪೈಸೆ. ನನ್ನ ವರ್ಷದ ಗಂಟು ಬಿಚ್ಚಿದರೆ ಅರ್ಧ ಕೇಜಿ ಮೈಸೂರ್‌ಪಾಕೂ ಬರುವುದಿಲ್ಲ. ಹಾಗೆಂದು ಬಿಟ್ಟುಬಿಡುವುದಕ್ಕಾಗುತ್ತದೆಯೇ? ಒಂದೂವರೆ ಕೋಟಿಯ ಫ್ಲ್ಯಾಟಿಗೆ ಚೌಕಾಸಿ ಮಾಡದೆ ಸಹಿ ಹಾಕುವ ನಾವು ಐವತ್ತು ಪೈಸೆಗೆ ಪ್ರಾಣ ಕೊಡುವವರು.

ಐವತ್ತು ಪೈಸೆಯೆಂದು ಕಂಪನಿಯವರೂ ಹಗುರವಾಗಿ ಕಾಣುವುದಿಲ್ಲ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಪ್ರಯಾಣಿಕರಿಗೆ ಹಾರಿದ ಮೈಲಿಯ ಲೆಕ್ಕದಲ್ಲಿ ಪಾಯಿಂಟು ಕೊಡುವ ಯೋಜನೆ ಶುರು ಮಾಡಿದಾಗಿನಿಂದ ಈ ಪಾಯಿಂಟು ಬೆಳೆದು ದೊಡ್ಡ ಆಸಾಮಿಯಾಗಿದೆ. 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲ ಹಿಡಿದಾಗ ಅಮೆರಿಕದ ಡೆಲ್ಟಾ ವಿಮಾನ ಕಂಪನಿ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು 900 ಕೋಟಿ ಡಾಲರ್ ಸಾಲ ಎತ್ತಿತು. ನಮ್ಮಲ್ಲಿ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮವಿದೆ. ಗ್ರಾಹಕನಿಗೆ ಪಾಯಿಂಟು ಕೊಟ್ಟರೆ, ಅವನು ಕೊಟ್ಟ ದುಡ್ಡಿನಲ್ಲಿ ಅಷ್ಟು ಭಾಗವನ್ನು ಕಂಪನಿ ಕೂಡಲೇ ಆದಾಯ ಎಂದು ತೋರಿಸುವಂತಿಲ್ಲ, ತೀರಿಸಬೇಕಾದ ಬಾಕಿಯಾಗಿ ಇಟ್ಟುಕೊಳ್ಳಬೇಕು. ಅವನು ಅದನ್ನು ಬಳಸಿದಾಗ ಬಾಕಿ ತೀರುತ್ತದೆ. ಬಳಸದೆ ಅವಧಿ ಮುಗಿದರೂ ತೀರುತ್ತದೆ, ಅದೂ ಏನೂ ಕೊಡದೆ. ರಾಯರು ಇದನ್ನು ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಸಾಲಗಾರನೇ ತನ್ನ ಬಾಗಿಲಿಗೆ ಬೀಗ ಹಾಕಿಕೊಂಡು, ಒಳಗಿಂದ ಕ್ಯಾಲೆಂಡರಿನ ಹಾಳೆ ಹರಿಯುತ್ತಿದ್ದಾನೆ ಎಂದು ಅವರ ವಾದ.

ಆ ಕ್ಯಾಲೆಂಡರಿಗೆ ಮಾತ್ರ ಯಾವ ಅಪ್‌ಗ್ರೇಡೂ ಅಡ್ಡ ಬಂದಿಲ್ಲ. 'ಪ್ರಿಯ ಗ್ರಾಹಕರೇ, ನಿಮ್ಮ 212 ಪಾಯಿಂಟ್‌ಗಳ ಅವಧಿ ಈ ತಿಂಗಳ ಕೊನೆಗೆ ಮುಗಿಯಲಿದೆ, ಇಂದೇ ಬಳಸಿ!' ಎಂಬ ಮೆಸೇಜು ಟಂಗನೆ ಬರುತ್ತದೆ. ನನ್ನ ಹತ್ತಿರ ಎಷ್ಟು ಪಾಯಿಂಟಿದೆ ಎಂದು ಹೇಳಲಾಗದ ಸಿಸ್ಟಂಗೆ ಎಷ್ಟು ಕಿತ್ತುಕೊಳ್ಳಬೇಕು ಎಂಬುದು ಬಿಡಿಬಿಡಿಯಾಗಿ ಗೊತ್ತಿದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಮೂರನ್ನು ಒತ್ತಿದವನಿಗೆ ಹಿಂದಿಯಲ್ಲಿ ಕಾಯಲು ಹೇಳಿದರು. ಕಾದೆ. ಕೊನೆಗೆ ಸಿಕ್ಕ ಹುಡುಗ, ದೂರು ದಾಖಲಿಸಲು ಪಾಯಿಂಟ್ಸ್ ಖಾತೆಗೆ ಲಾಗಿನ್ ಆಗಬೇಕೆಂದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ಎಂದು ಕ್ಯೂನಲ್ಲಿ ಯಾರೋ ಸೂಚಿಸಿದರು. ರಾಯರು ಅದನ್ನೂ ಕೆಂಪು ಗೆರೆಯ ಕೆಳಗೆ ಬರೆದುಕೊಂಡಿದ್ದಾರೆ.

ಮೊನ್ನೆ ಶನಿವಾರ ಮ್ಯಾನೇಜರ್ ಸಾಹೇಬರು ಖುದ್ದಾಗಿ ಮೈಕು ಹಿಡಿದರು. ತಾಳ್ಮೆಯಿಂದ ಸಹಕರಿಸಿದ ನಿಷ್ಠಾವಂತ ಗ್ರಾಹಕರೆಲ್ಲರಿಗೂ ಕಂಪನಿಯ ಪ್ರೀತಿಯ ಕಾಣಿಕೆಯಾಗಿ 500 ಬೋನಸ್ ಪಾಯಿಂಟು ಎಂದು ಘೋಷಿಸಿದರು. ಎಣ್ಣೆ ಪ್ಯಾಕೆಟ್ಟುಗಳ ಕಡೆಯಿಂದ ಚಪ್ಪಾಳೆಯೂ ಬಿತ್ತು. ರಾಯರು ಪೆನ್ನಿನ ಕ್ಯಾಪು ತೆಗೆದು ಮುಂದೆ ಬಂದರು.

"ಯಾವಾಗ ಜಮಾ ಆಗುತ್ತೆ?"

"ಸಿಸ್ಟಂ ಬಂದ ತಕ್ಷಣ ಸಾರ್."

"ಎಷ್ಟು ದಿನದೊಳಗೆ ಬಳಸ್ಬೇಕು?"

"ಮೂವತ್ತು ದಿನ ಸಾರ್."

"ಯಾವತ್ತಿನಿಂದ?"

ಮ್ಯಾನೇಜರ್ ಮೈಕು ಆಫ್ ಮಾಡಿ, ಬಗ್ಗಿ ಹೇಳಿದರು: "ಇವತ್ತಿಂದ್ಲೇ ಸಾರ್."